ದಂಡದಿಂದ ಬಿರುದಿಗೆ: 'ಸಾಹಸ' ಪದದ ಅರ್ಥವಿಚಾರ

1

ಹಳಗನ್ನಡ ಕಾವ್ಯದ ಪಾಠದಲ್ಲಿ ಕೆಲವು ಪದಗಳ ಬಳಿ ಅಧ್ಯಾಪಕರಾಗಲಿ ವಿದ್ಯಾರ್ಥಿಗಳಾಗಲಿ ನಿಲ್ಲುವುದೇ ಇಲ್ಲ. ಅವು ಇಂದಿಗೂ ಬಳಕೆಯಲ್ಲಿರುವ ಪದಗಳು. ಅರ್ಥ ಗೊತ್ತಿದೆಯೆಂಬ ಭರವಸೆಯಿಂದ ಅವುಗಳನ್ನು ದಾಟಿ ಮುಂದಿನ ಕಠಿಣಪದದತ್ತ ಸಾಗುವುದು ರೂಢಿ. 'ಅಣ್ಮು', 'ಬೆಡಂಗು', 'ಪೆಂಪು' ಮೊದಲಾದ ಪದಗಳಿಗೆ ಅರ್ಥ ಬರೆದುಕೊಳ್ಳುವ ವಿದ್ಯಾರ್ಥಿ 'ಸಾಹಸ' ಎಂಬಲ್ಲಿ ಲೇಖನಿಯನ್ನು ಎತ್ತುವುದಿಲ್ಲ. ಸಾಹಸವೆಂದರೆ ಧೈರ್ಯ, ಪರಾಕ್ರಮ, ಯಾರೂ ಕೈಹಾಕದ ಕೆಲಸಕ್ಕೆ ತಾನೇ ಮುಂದಾಗುವ ಎದೆಗಾರಿಕೆ ಎಂದು ಎಲ್ಲರೂ ಬಲ್ಲರು. ಈ ಅರ್ಥ ತಪ್ಪಲ್ಲ. ಆದರೆ ಅದು ಅರ್ಧ ಮಾತ್ರ. ಉಳಿದ ಅರ್ಧವನ್ನು ಬಿಟ್ಟು ಓದಿದಾಗ ಶಾಸನಗಳ ಪ್ರಶಸ್ತಿಭಾಗವನ್ನೂ ಕಾವ್ಯಗಳ ನಾಯಕಕಲ್ಪನೆಯನ್ನೂ ಅವುಗಳನ್ನು ಬರೆಸಿದವರು ಬಯಸಿದ ರೀತಿಯಲ್ಲಿಯೇ ಓದಿದಂತಾಗುತ್ತದೆ.

ಕಾವ್ಯದಲ್ಲಿ ಅರಸನಿಗೆ ಬಿರುದಾಗಿ ಸಲ್ಲುವ ಇದೇ ಪದ ಧರ್ಮಶಾಸ್ತ್ರದಲ್ಲಿ ಶಿಕ್ಷೆಗೆ ಅರ್ಹವಾದ ಅಪರಾಧವೊಂದರ ಹೆಸರು. ಅಷ್ಟೇ ಅಲ್ಲ, ಆ ಅಪರಾಧಕ್ಕೆ ವಿಧಿಸುವ ದಂಡದ ಹೆಸರೂ ಹೌದು. ಅಮರಕೋಶವು 'ಸಾಹಸ'ವನ್ನು 'ದಂಡ' ಪದದ ಪರ್ಯಾಯಗಳಲ್ಲಿ ಒಂದಾಗಿ ಹೇಳಿದೆ. ಅಮರಕೋಶವನ್ನು ಕಂಠಪಾಠ ಮಾಡಿ ಬೆಳೆದ ಹಳಗನ್ನಡ ಕವಿಗಳಿಗೆ ಈ ಅರ್ಥ ತಿಳಿಯದೆ ಇದ್ದಿತೆಂದು ಊಹಿಸಲಾಗದು. ಹಾಗಿದ್ದರೂ ಅವರು ತಮ್ಮ ಆಶ್ರಯದಾತರಿಗೆ ಈ ಪದವನ್ನೇ ಕಿರೀಟದಂತೆ ತೊಡಿಸಿದರು. ಇದನ್ನು ಪದವೊಂದಕ್ಕೆ ಎರಡು ಬೇರೆ ಅರ್ಥಗಳಿರುವ ಸಾಮಾನ್ಯ ಸಂಗತಿಯೆಂದು ಬದಿಗಿರಿಸಬಹುದೇ? ಅಥವಾ ಒಂದೇ ಅರ್ಥಕ್ಕೆ ಎರಡು ತೀರ್ಪುಗಳಿವೆಯೇ? ಎರಡನೆಯದೇ ಸರಿಯೆಂಬುದು ಇಲ್ಲಿನ ವಾದ.

2

ಪದದ ಮೂಲ ಸ್ಪಷ್ಟವಾಗಿಯೇ ಇದೆ. ಸಂಸ್ಕೃತದ 'ಸಹ್' ಧಾತುವಿಗೆ ಗೆಲ್ಲು, ಅದುಮು, ತಾಳಿಕೊಳ್ಳು ಎಂಬ ಅರ್ಥಗಳಿವೆ. ಅದರಿಂದ 'ಸಹಸ್' ಎಂಬ ನಾಮಪದ. ಅರ್ಥ ಬಲ, ಮೀರಿಸುವ ಶಕ್ತಿ. ಋಗ್ವೇದದಲ್ಲಿ ಅಗ್ನಿಯನ್ನು ಸಹಸ್ಸಿನ ಮಗನೆಂದು ಕರೆಯಲಾಗಿದೆ. ಅರಣಿಯನ್ನು ಬಲವಾಗಿ ಕಡೆದಾಗ ಹುಟ್ಟುವ ಬೆಂಕಿಗೆ ಆ ಹೆಸರು ಒಪ್ಪುತ್ತದೆ. ಈ ಸಹಸ್ಸಿನಿಂದ ಆದದ್ದು, ಅಂದರೆ ಬಲದಿಂದ ನಡೆದ ಕಾರ್ಯ, 'ಸಾಹಸ'. ಇಂಡೋ-ಯುರೋಪಿಯನ್ ಭಾಷೆಗಳ ತೌಲನಿಕ ಅಧ್ಯಯನವು ಇದೇ ಮೂಲಕ್ಕೆ ಜರ್ಮನ್ ಭಾಷೆಯಲ್ಲಿ ವಿಜಯವೆಂಬ ಅರ್ಥದ 'ಸೀಗ್' ಪದವನ್ನೂ ಸೇರಿಸುತ್ತದೆ. 'ಜೊತೆ' ಎಂಬ ಅರ್ಥದ 'ಸಹ' ಬೇರೆ. ಸಾವಿರ ಎಂಬ ಅರ್ಥದ 'ಸಹಸ್ರ'ವೂ ಬೇರೆ. ಹಳಗನ್ನಡದಲ್ಲಿ ಸಾಹಸದ ತದ್ಭವ 'ಸಾಸ', ಸಾಹಸಿಯು 'ಸಾಸಿಗ', ಸಹಸ್ರದ ತದ್ಭವ 'ಸಾಸಿರ'. ರೂಪದಲ್ಲಿ ಇವು ಹತ್ತಿರವಾಗಿ ಕಂಡರೂ ಧಾತುಸಂಬಂಧವಿಲ್ಲ.

ಈ ಧಾತುವಿನ ಉಳಿದ ಸಂತಾನವನ್ನು ಗಮನಿಸಿದರೆ ಕುತೂಹಲದ ಸಂಗತಿಯೊಂದು ಕಾಣುತ್ತದೆ. ಕನ್ನಡದಲ್ಲಿ ಬಳಕೆಯಲ್ಲಿರುವ ಸಹನೆ, ಸಹಿಷ್ಣುತೆ, ಅಸಹ್ಯ, ದುಸ್ಸಹ ಎಲ್ಲವೂ ಇದೇ ಬಳ್ಳಿಯ ಕಾಯಿಗಳು. 'ಉತ್ಸಾಹ'ವೂ ಇದರದೇ, ಭರತನ ನಾಟ್ಯಶಾಸ್ತ್ರ ವೀರರಸಕ್ಕೆ ಸ್ಥಾಯಿಭಾವವೆಂದು ಹೇಳುವುದು ಈ ಉತ್ಸಾಹವನ್ನೇ. ಹೊರಗಿನ ಒತ್ತಡವನ್ನು ಒಳಗೆ ತಡೆದುಕೊಳ್ಳುವ ಬಲ ಸಹನೆಯಾಯಿತು. ಒಳಗಿನ ಬಲವು ಮೇಲೇಳತೊಡಗಿದಾಗ ಉತ್ಸಾಹವಾಯಿತು. ಅದು ಕೃತಿಯಾಗಿ ಹೊರಗೆ ಸಿಡಿದಾಗ ಸಾಹಸವಾಯಿತು. ಇಂದು ಸಹನೆ ಮತ್ತು ಸಾಹಸಗಳನ್ನು ಪರಸ್ಪರ ವಿರುದ್ಧ ಗುಣಗಳೆಂದು ಭಾವಿಸುವವರಿಗೆ ಅವು ಒಡಹುಟ್ಟುಗಳೆಂಬುದು ಅಚ್ಚರಿಯಾಗಬಹುದು.

ಆದರೆ ಧಾತ್ವರ್ಥದಲ್ಲಿ ಒಳಿತು-ಕೆಡುಕಿನ ಸೂಚನೆ ಯಾವುದೂ ಇಲ್ಲ. ಬಲವು ಬಲವಷ್ಟೇ. ಅದೇ 'ಸಹಸ್' ಪದದ ತೃತೀಯಾ ರೂಪವಾದ 'ಸಹಸಾ' ಎಂಬುದು ಅವ್ಯಯವಾಗಿ ನಿಂತಾಗ 'ಥಟ್ಟನೆ', 'ಮುಂದಾಲೋಚನೆಯಿಲ್ಲದೆ' ಎಂಬ ಅರ್ಥ ಬಂದಿತು. ಪಾಲಿಯ ಧಮ್ಮಪದವು ಹೀಗೆ ದುಡುಕಿ ತೀರ್ಪು ಕೊಡುವವನನ್ನು ಧರ್ಮಸ್ಥನೆಂದು ಒಪ್ಪುವುದಿಲ್ಲ. ಬಲಕ್ಕೆ ಆತುರದ ಬಣ್ಣವೂ ಹೀಗೆ ಬಹು ಹಿಂದೆಯೇ ಅಂಟಿಕೊಂಡಿತು.

3

ಈ ಬಲಕಾರ್ಯಕ್ಕೆ ಖಚಿತವಾದ ಲಕ್ಷಣವನ್ನು ಮೊದಲು ಹೇಳಿದವರು ಕವಿಗಳಲ್ಲ, ನ್ಯಾಯಶಾಸ್ತ್ರಕಾರರು. ಮೈಸೂರಿನ ಓರಿಯಂಟಲ್ ಲೈಬ್ರರಿಯ ಹಸ್ತಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಸಾಹಸಕ್ಕೇ ಮೀಸಲಾದ ಅಧ್ಯಾಯವೊಂದಿದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಎಣಿಸಲಾದ 18 ವ್ಯವಹಾರಪದಗಳಲ್ಲಿ ಸಾಹಸವೂ ಒಂದು. ಎರಡೂ ಗ್ರಂಥಗಳು ಸಾಹಸವನ್ನು ಕಳವಿನಿಂದ ಬೇರ್ಪಡಿಸುವ ಬಗೆ ಒಂದೇ. ಒಡೆಯನ ಎದುರಿನಲ್ಲಿಯೇ ಬಲಾತ್ಕಾರದಿಂದ ಮಾಡಿದ್ದು ಸಾಹಸ; ಅವನ ಕಣ್ಣು ತಪ್ಪಿಸಿ ಮಾಡಿದ್ದು ಸ್ತೇಯ, ಅಂದರೆ ಕಳವು. ಕಳೆದುಹೋದ ವಸ್ತು ಒಂದೇ ಆಗಿದ್ದರೂ ಅಪರಾಧಗಳು ಎರಡು. ಕನ್ನಡದ 'ಕಳವು' ಮತ್ತು 'ಸುಲಿಗೆ' ಎಂಬ ಪದಗಳು ಇಂದಿಗೂ ಈ ಭೇದವನ್ನು ಉಳಿಸಿಕೊಂಡಿವೆ.

ನಾರದಸ್ಮೃತಿಯು ಬಲದ ದರ್ಪದಿಂದ ಮಾಡಿದ ಕಾರ್ಯವೇ ಸಾಹಸವೆಂದು ಹೇಳಿ, 'ಸಹಸ್' ಎಂದರೆ ಬಲ ಎಂಬ ವ್ಯುತ್ಪತ್ತಿಯನ್ನೂ ಒದಗಿಸುತ್ತದೆ. ಅದು ಸಾಹಸವನ್ನು ಮೂರು ದರ್ಜೆಗಳಾಗಿ ವಿಂಗಡಿಸಿದೆ. ಹಣ್ಣು, ಗೆಡ್ಡೆ, ನೀರು, ಬೇಸಾಯದ ಸಲಕರಣೆಗಳನ್ನು ಹಾಳುಮಾಡುವುದು ಪ್ರಥಮ ಸಾಹಸ. ಬಟ್ಟೆ, ದನ, ಅನ್ನಪಾನ, ಮನೆಯ ಸಾಮಾನುಗಳಿಗೆ ಕೈಹಾಕುವುದು ಮಧ್ಯಮ. ವಿಷ, ಶಸ್ತ್ರ ಮೊದಲಾದವುಗಳಿಂದ ಕೊಲ್ಲುವುದು, ಪರಸ್ತ್ರೀಯ ಮೇಲಿನ ಅತ್ಯಾಚಾರ ಇವು ಉತ್ತಮ ಸಾಹಸ. ಇಲ್ಲಿ 'ಉತ್ತಮ' ಎಂದರೆ ಒಳ್ಳೆಯದಲ್ಲ, ಅತ್ಯಂತ ಮೇಲಿನ ದರ್ಜೆಯ ಅಪರಾಧ. ದಂಡದ ದರ್ಜೆಗಳಿಗೂ ಇವೇ ಹೆಸರುಗಳು. ಮನುವಿನ ಪ್ರಕಾರ ಪ್ರಥಮ ಸಾಹಸದಂಡ 250 ಪಣ, ಮಧ್ಯಮ 500, ಉತ್ತಮ 1000. ಯಾಜ್ಞವಲ್ಕ್ಯನ ಲೆಕ್ಕದಲ್ಲಿ ಉತ್ತಮ ಸಾಹಸಕ್ಕೆ 1080 ಪಣ, ಮಧ್ಯಮಕ್ಕೆ ಅದರ ಅರ್ಧ, ಅಧಮಕ್ಕೆ ಅರ್ಧದ ಅರ್ಧ. ಸಾಹಸಿಕನನ್ನು ಕಂಡೂ ಸುಮ್ಮನಿರುವ ಅರಸನು ಬೇಗನೆ ನಾಶಹೊಂದುತ್ತಾನೆಂಬ ಎಚ್ಚರಿಕೆಯೂ ಮನುಸ್ಮೃತಿಯಲ್ಲಿದೆ.

ಇದು ಉತ್ತರದ ಎಲ್ಲಿಯೋ ಉಳಿದ ವಿಚಾರವಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ 'ಮಿತಾಕ್ಷರಾ' ವ್ಯಾಖ್ಯಾನ ರೂಪುಗೊಂಡದ್ದು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076-1126) ಆಳ್ವಿಕೆಯಲ್ಲಿ. ಸಾಹಸ ಪ್ರಕರಣವನ್ನು ಅವನು ಅಲ್ಲಿ ವಿಸ್ತಾರವಾಗಿಯೇ ಚರ್ಚಿಸಿದ್ದಾನೆ. ಮುಂದೆ ಭಾರತದ ಬಹುಭಾಗದಲ್ಲಿ ಪ್ರಮಾಣವೆಂದು ಅಂಗೀಕೃತವಾದ ಈ ಗ್ರಂಥದಲ್ಲಿ ಸಾಹಸವು ದಂಡಾರ್ಹ ಅಪರಾಧ. ಅದೇ ಚಾಳುಕ್ಯ ವಂಶದ ಆಸ್ಥಾನದಲ್ಲಿ, ಸುಮಾರು ನೂರು ವರ್ಷಗಳ ಹಿಂದೆ, ಸಾಹಸವು ಚಕ್ರವರ್ತಿಯ ಬಿರುದಾಗಿತ್ತು.

4

ಬಿರುದುಗಳ ಸಾಲು ದೀರ್ಘವಾಗಿದೆ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಅಕಲಂಕನ ಪ್ರಸಂಗದಲ್ಲಿ ಬರುವ 'ಸಾಹಸತುಂಗ'ನನ್ನು ವಿದ್ವಾಂಸರು ರಾಷ್ಟ್ರಕೂಟ ದಂತಿದುರ್ಗನೊಡನೆ ಗುರುತಿಸಿದ್ದಾರೆ. ಉತ್ತರದಲ್ಲಿ 'ಸಾಹಸಾಂಕ' ಎಂಬುದು ವಿಕ್ರಮಾದಿತ್ಯನಿಗೆ ಪರ್ಯಾಯನಾಮವಾಯಿತು; ಮಾಳವದ ಪರಮಾರ ಸಿಂಧುರಾಜನನ್ನು ಕುರಿತು ಪದ್ಮಗುಪ್ತನು ಬರೆದ ಕಾವ್ಯ 'ನವಸಾಹಸಾಂಕಚರಿತ'. ಕನ್ನಡದಲ್ಲಿ ಈ ಪರಂಪರೆ ಶಿಖರ ಮುಟ್ಟಿದ್ದು ರನ್ನನಲ್ಲಿ. 'ಗದಾಯುದ್ಧ'ಕ್ಕೆ 'ಸಾಹಸಭೀಮವಿಜಯ'ವೆಂಬ ಹೆಸರೂ ಉಂಟು. ಅಲ್ಲಿ ಸಾಹಸಭೀಮನೆಂದರೆ ಪಾಂಡವ ಭೀಮನೂ ಹೌದು, ಕವಿಯ ಆಶ್ರಯದಾತನಾದ ಚಾಳುಕ್ಯ ಇರಿವಬೆಡಂಗ ಸತ್ಯಾಶ್ರಯನೂ (997-1008) ಹೌದು.

ಇಲ್ಲಿ ಪಂಪನನ್ನು ನೆನೆಯುವುದು ಅಗತ್ಯ. 941ರ 'ವಿಕ್ರಮಾರ್ಜುನವಿಜಯ'ದ ಕೊನೆಯಲ್ಲಿ ಪಂಪನು ಭಾರತದ ಪಾತ್ರಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಗುಣವನ್ನು ಹಂಚುತ್ತಾನೆ. ಛಲ ದುರ್ಯೋಧನನ ಪಾಲಿಗೆ, ನನ್ನಿ ಕರ್ಣನ ಪಾಲಿಗೆ ಬರುತ್ತವೆ. ಭೀಮನಿಗೆ ದೊರೆಯುವುದು ಗಂಡುತನ. ಸಾಹಸ ಮಾತ್ರ ಅರ್ಜುನನಿಗೆ ಸಲ್ಲುತ್ತದೆ. ಈ ಪದ್ಯವನ್ನು ದುರ್ಯೋಧನ ಮತ್ತು ಕರ್ಣರ ಗುಣಗ್ರಹಣಕ್ಕೆ ಸಾಕ್ಷಿಯಾಗಿ ಉಲ್ಲೇಖಿಸುವುದೇ ಹೆಚ್ಚು. ಸಾಹಸವು ಯಾರಿಗೆ ಸಂದಿತೆಂಬುದನ್ನು ಕೇಳಿದವರು ಕಡಿಮೆ. ಪಂಪನ ಆಶ್ರಯದಾತನಾದ ಅರಿಕೇಸರಿ ಅರ್ಜುನನಲ್ಲಿ ಸಮೀಕೃತನಾದವನು. ರನ್ನನ ಆಶ್ರಯದಾತ ಭೀಮನಲ್ಲಿ ಸಮೀಕೃತನಾದವನು. ಒಂದು ಕಾವ್ಯದಲ್ಲಿ ಅರ್ಜುನನ ಬಳಿಯಿದ್ದ ಸಾಹಸ ಅರ್ಧ ಶತಮಾನದ ಆಸುಪಾಸಿನಲ್ಲಿ ಭೀಮನ ಬಳಿಗೆ ಬಂದಿತು. ಪಾತ್ರಗಳ ಸ್ವಭಾವ ಬದಲಾಗಲಿಲ್ಲ, ಅರಮನೆ ಬದಲಾಯಿತು. ಸಾಹಸವು ಪಾತ್ರವನ್ನಲ್ಲ, ಪ್ರಭುವನ್ನು ಹಿಂಬಾಲಿಸಿತು.

ಭೀಮನಿಗೆ ಸಾಹಸದ ಬಿರುದು ಕೊಟ್ಟ ರನ್ನನ ಧೈರ್ಯ ತಿಳಿಯಬೇಕಾದರೆ ಅವನ ಹಿಂದಿನ ಪರಂಪರೆಯನ್ನು ನೋಡಬೇಕು. ಎರಡನೆಯ ಪುಲಕೇಶಿಯ 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನೊಡನೆ ಹೆಸರಿಸುವ ಭಾರವಿಯ 'ಕಿರಾತಾರ್ಜುನೀಯ'ದ ಎರಡನೆಯ ಸರ್ಗದಲ್ಲಿ ಧರ್ಮರಾಯನು ಆವೇಶಗೊಂಡ ತಮ್ಮನಿಗೆ ದುಡುಕಿ ಕಾರ್ಯಕ್ಕೆ ಇಳಿಯಬಾರದೆಂದು ಬುದ್ಧಿ ಹೇಳುತ್ತಾನೆ. ಅಲ್ಲಿ ಬಳಕೆಯಾದ ಪದ 'ಸಹಸಾ'. ಬುದ್ಧಿ ಹೇಳಿಸಿಕೊಂಡ ತಮ್ಮ ಭೀಮ. ಭಾರವಿಯಲ್ಲಿ ಭೀಮನ ದೋಷವನ್ನು ಸೂಚಿಸಿದ ಮಾತಿನ ದಾಯಾದಿಯೇ ರನ್ನನಲ್ಲಿ ಅವನ ಹೆಸರಿನ ಮುಂದೆ ಬಿರುದಾಗಿ ನಿಂತಿದೆ.

ರನ್ನನು ಪದದ ಹಳೆಯ ಅರ್ಥವನ್ನು ಅಳಿಸಿಹಾಕಿದನೇ? ಇಲ್ಲವೆಂದೇ ಹೇಳಬೇಕು. ಶಾಸ್ತ್ರಕಾರರು ಹೇಳಿದ ಸಾಹಸದ ಲಕ್ಷಣಗಳು ಮೂರು: ಬಲ, ಬಲದ ದರ್ಪ, ಮತ್ತು ಎಲ್ಲರೆದುರು ನಡೆಯುವ ಕೃತ್ಯ. 'ಗದಾಯುದ್ಧ'ದ ಭೀಮನಲ್ಲಿ ಈ ಮೂರೂ ಇವೆ. ಅವನ ಪ್ರತಿಜ್ಞೆ ತುಂಬಿದ ಸಭೆಯಲ್ಲಿ ಆದದ್ದು. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಅವನು ಕೂಗಿ ಹೊರಗೆಳೆಯುತ್ತಾನೆ. ಅಡಗುವುದು ಮತ್ತು ಎದುರಾಗುವುದು ಎಂಬ ದ್ವಂದ್ವವೇ ಕಾವ್ಯದ ನಡುಗಂಬ. ಅದು ಸ್ತೇಯ ಮತ್ತು ಸಾಹಸಗಳ ನಡುವಣ ಗೆರೆಯನ್ನು ನೆನಪಿಸುತ್ತದೆ. ಕೊನೆಗೆ ಗದಾಯುದ್ಧದ ನಿಯಮವನ್ನು ಮೀರಿ ತೊಡೆಗೆ ಬೀಳುವ ಹೊಡೆತವೂ ಹತ್ತು ಜನರೆದುರೇ ಬೀಳುತ್ತದೆ. ನಿಯಮಭಂಗ ಅಲ್ಲಿ ಇದೆ, ಮುಚ್ಚುಮರೆ ಇಲ್ಲ. ದುರ್ಯೋಧನನನ್ನು ಮಹಾನುಭಾವನೆಂದು ಕರೆಯಬಲ್ಲ ಕವಿಗೆ ತನ್ನ ನಾಯಕನ ಕೃತ್ಯದ ಇಬ್ಬಗೆ ತಿಳಿಯದಿರಲಿಲ್ಲ. ಆ ಇಬ್ಬಗೆಯನ್ನು ಹೊರಬಲ್ಲ ಪದ ವೀರವಲ್ಲ, ಶೌರ್ಯವಲ್ಲ, ಕಲಿತನವೂ ಅಲ್ಲ. ಸಾಹಸವೊಂದೇ. ಇದನ್ನು 'ಧೈರ್ಯಶಾಲಿ ಭೀಮ' ಎಂದು ಅರ್ಥೈಸಿ ಮುಂದೆ ಹೋದರೆ ಕಾವ್ಯದ ಹೆಸರಿನಲ್ಲಿಯೇ ಅಡಗಿದ ಬಿಕ್ಕಟ್ಟು ಕೈತಪ್ಪಿಹೋಗುತ್ತದೆ.

5

ಸಾಹಸವು ಅರಸನ ಗುಣವೇ ಅಪರಾಧವೇ ಎಂಬ ಪ್ರಶ್ನೆ ಆ ಕಾಲದವರನ್ನೇ ಕಾಡಿತ್ತೆಂಬುದಕ್ಕೆ ರಾಷ್ಟ್ರಕೂಟ ನಾಲ್ಕನೆಯ ಗೋವಿಂದನ ಖಂಭಾತ್ (930) ಮತ್ತು ಸಾಂಗ್ಲಿ (933) ತಾಮ್ರಪಟಗಳು ಸಾಕ್ಷಿ. ಅವುಗಳಲ್ಲಿನ ಪ್ರಶಸ್ತಿಪದ್ಯವೊಂದು ಅವನನ್ನು ಸಾಹಸಾಂಕನೆಂದು ಹೊಗಳುತ್ತದೆ. ಹೊಗಳುವ ರೀತಿ ಮಾತ್ರ ವಿಚಿತ್ರವಾಗಿದೆ. ಶಕ್ತಿಯಿದ್ದರೂ ಅವನು ಅಣ್ಣನ ವಿಷಯದಲ್ಲಿ ಕ್ರೌರ್ಯ ತೋರಲಿಲ್ಲ, ಬಂಧುಸ್ತ್ರೀಯ ವಿಷಯದಲ್ಲಿ ಅಪಕೀರ್ತಿ ತಂದುಕೊಳ್ಳಲಿಲ್ಲ ಎಂದು ಕೆಲವು ಕೃತ್ಯಗಳನ್ನು ಮೊದಲು ನಿರಾಕರಿಸಿ, ತ್ಯಾಗದಿಂದಲೂ ಎಣೆಯಿಲ್ಲದ ಸಾಹಸಗಳಿಂದಲೂ ಅವನು ಸಾಹಸಾಂಕನಾದನೆಂಬುದು ಅದರ ತಾತ್ಪರ್ಯ. ಅಣ್ಣನನ್ನು ಕೊಂದು ಅತ್ತಿಗೆಯನ್ನು ವರಿಸಿದನೆಂಬ ಕಥೆಗೆ ವಸ್ತುವಾದ ಗುಪ್ತ ಚಂದ್ರಗುಪ್ತನ ಕಡೆಗೆ ಈ ಪದ್ಯ ಬೆರಳು ಮಾಡುತ್ತಿದೆಯೆಂದು ಇತಿಹಾಸಕಾರರು ವಿವರಿಸಿದ್ದಾರೆ. ಇಲ್ಲಿ ಮುಖ್ಯವಾದುದು ಬೇರೆ. ಸಾಹಸವೆಂಬುದು ನಿಷ್ಕಳಂಕ ಗುಣವಾಗಿದ್ದರೆ ಪ್ರಶಸ್ತಿಕಾರನು ಅಪರಾಧಗಳ ಪಟ್ಟಿ ಕೊಟ್ಟು ಒಂದೊಂದನ್ನೂ ಅಲ್ಲಗಳೆಯಬೇಕಾಗಿರಲಿಲ್ಲ. ಬಿರುದಿನ ಬೆನ್ನಿಗೆ ಹಳೆಯ ಅರ್ಥ ನೆರಳಿನಂತೆ ಅಂಟಿಕೊಂಡಿತ್ತು. ಆ ನೆರಳನ್ನು ತೊಡೆಯದೆ ಬಿರುದನ್ನು ತೊಡಿಸುವಂತಿರಲಿಲ್ಲ. ಗೋವಿಂದನು ತನ್ನ ಅಣ್ಣ ಎರಡನೆಯ ಅಮೋಘವರ್ಷನ ಅಲ್ಪಕಾಲದ ಆಳ್ವಿಕೆಯ ನಂತರ ಪಟ್ಟಕ್ಕೆ ಬಂದವನೆಂಬುದನ್ನು ಗಮನಿಸಿದರೆ ಈ ನಿರಾಕರಣೆಯ ಅಗತ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಕೆಲವೇ ವರ್ಷಗಳಲ್ಲಿ ಅವನು ಸಿಂಹಾಸನ ಕಳೆದುಕೊಂಡ. ಅವನ ವಿರುದ್ಧ ನಿಂತವರಲ್ಲಿ ಪಂಪನ ಅರಿಕೇಸರಿಯೂ ಒಬ್ಬ. ಹೀಗೆ ಒಬ್ಬ ಸಾಹಸಾಂಕನ ಪತನದಲ್ಲಿ ಪಾಲುಗೊಂಡವನೇ ಮುಂದಿನ ಕಾವ್ಯದಲ್ಲಿ ಸಾಹಸದ ಅಧಿಕಾರಿಯಾದ. ಪದವಿ ಕಳೆದುಕೊಂಡ ಗೋವಿಂದನನ್ನು ಮೂರನೆಯ ಕೃಷ್ಣನ ಕಾಲದ ತಾಮ್ರಪಟವು ವಿಷಯಸುಖದಲ್ಲಿ ಮುಳುಗಿ ಕೆಟ್ಟವನೆಂದು ಚಿತ್ರಿಸುತ್ತದೆ.

ಕಲ್ಯಾಣದ ಉದಾಹರಣೆ ಇದಕ್ಕಿಂತ ತೀಕ್ಷ್ಣವಾದುದು. ವಿಜ್ಞಾನೇಶ್ವರನ ಪ್ರಭು ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟವೇರಿದ್ದು ಆಳುತ್ತಿದ್ದ ಅಣ್ಣ ಎರಡನೆಯ ಸೋಮೇಶ್ವರನನ್ನು ಯುದ್ಧದಲ್ಲಿ ಸೋಲಿಸಿ, ಸೆರೆಯಲ್ಲಿಟ್ಟು. ಒಡೆಯನ ಎದುರಿನಲ್ಲಿಯೇ ಬಲದಿಂದ ಅವನ ಸೊತ್ತನ್ನು ವಶಪಡಿಸಿಕೊಳ್ಳುವುದು ಸಾಹಸವೆಂಬ ಲಕ್ಷಣಕ್ಕೆ ಇದಕ್ಕಿಂತ ನಿಚ್ಚಳವಾದ ದೃಷ್ಟಾಂತ ಸಿಗಲಾರದು. ಅದೇ ಆಸ್ಥಾನದ ಕವಿ ಬಿಲ್ಹಣನು 'ವಿಕ್ರಮಾಂಕದೇವಚರಿತ'ದಲ್ಲಿ ಈ ಘಟನೆಯನ್ನು ದೈವಪ್ರೇರಣೆಯಿಂದ ನಡೆದ ಅನಿವಾರ್ಯ ಕಾರ್ಯವೆಂದು ನಿರೂಪಿಸಿದ. ಅದೇ ರಾಜಧಾನಿಯಲ್ಲಿ ಕುಳಿತ ನ್ಯಾಯಶಾಸ್ತ್ರಜ್ಞನು ಸಾಮಾನ್ಯ ಪ್ರಜೆಯ ಸಾಹಸಕ್ಕೆ ದಂಡದ ಮೊತ್ತವನ್ನು ನಿರ್ಣಯಿಸಿದ. ಇಬ್ಬರೂ ಒಂದೇ ಪ್ರಭುತ್ವದ ಎರಡು ನಾಲಗೆಗಳು. ಒಂದು ನಾಲಗೆ ಸಾಹಸವನ್ನು ಶಿಕ್ಷಿಸಿತು, ಇನ್ನೊಂದು ಅದನ್ನು ಪೂಜಿಸಿತು. ಕೃತ್ಯದ ಸ್ವರೂಪದಲ್ಲಿ ವ್ಯತ್ಯಾಸವಿರಲಿಲ್ಲ. ಕೃತ್ಯ ಎಸಗಿದವನು ದಂಡ ಕೊಡುವ ಸ್ಥಾನದಲ್ಲಿದ್ದಾನೋ ದಂಡ ತೆರುವ ಸ್ಥಾನದಲ್ಲಿದ್ದಾನೋ ಎಂಬುದರಲ್ಲಿ ವ್ಯತ್ಯಾಸವಿತ್ತು.

6

ಅರ್ಥವನ್ನು ನಿರ್ಧರಿಸುವುದು ಕೃತ್ಯವಲ್ಲ, ಕರ್ತೃವಿನ ಸ್ಥಾನ ಎಂಬ ಮಾತಿಗೆ ಲಿಂಗದ ನೆಲೆಯಿಂದಲೂ ಪುಷ್ಟಿ ದೊರೆಯುತ್ತದೆ. 'ಚಾಣಕ್ಯನೀತಿ' ಎಂಬ ಹೆಸರಿನಲ್ಲಿ ಪ್ರಚಲಿತವಾದ ಸುಭಾಷಿತ ಸಂಗ್ರಹದಲ್ಲಿ ಸಾಹಸವು ಸುಳ್ಳು, ಕಪಟಗಳೊಡನೆ ಹೆಣ್ಣಿನ ಹುಟ್ಟುದೋಷಗಳ ಪಟ್ಟಿಯಲ್ಲಿದೆ. ಗಂಡಿನಲ್ಲಿ ಇರುವುದಕ್ಕಿಂತ ಹೆಣ್ಣಿನಲ್ಲಿ ಸಾಹಸ ಆರು ಪಟ್ಟು ಹೆಚ್ಚೆಂಬ ಮಾತೂ ಅಲ್ಲಿದೆ. ಅದು ಹೊಗಳಿಕೆಯಲ್ಲ. ದಂತಿದುರ್ಗನಿಗೆ ತುಂಗತೆಯನ್ನು ತಂದುಕೊಟ್ಟ ಗುಣ ಹೆಣ್ಣಿನಲ್ಲಿ ಕಂಡಾಗ ಕಳಂಕವಾಯಿತು. ಕನ್ನಡ ನಾಡಿನ ಚರಿತ್ರೆಯಲ್ಲಿ ಇದಕ್ಕೆ ಎದುರಾದ ಸಾಕ್ಷ್ಯಗಳಿಲ್ಲದೆ ಇಲ್ಲ. ಚಾಳುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿಯು ನಾಡುಗಳನ್ನು ಆಳಿದವಳು. 1047ರ ಸುಮಾರಿಗೆ ಗೋಕಾಗೆಯ ಕೋಟೆಯನ್ನು ಮುತ್ತಿದವಳು. ಶಾಸನಗಳು ಅವಳನ್ನು 'ಗುಣದಬೆಡಂಗಿ' ಎಂದೂ ರಣರಂಗದ ಭೈರವಿಯೆಂದೂ ಹೊಗಳಿವೆ. ಕೋಟೆ ಮುತ್ತುವ ಅರಸನು ಮನುಷ್ಯನಾಗಿಯೇ ಸಾಹಸತುಂಗನಾಗಬಹುದು. ಅದೇ ಕೆಲಸ ಮಾಡಿದ ಹೆಣ್ಣನ್ನು ಹೊಗಳುವಾಗ ದೈವದ ರೂಪಕ ಬೇಕಾಯಿತು.

ಇದಕ್ಕೆ ತಿರುಗುಮುರುಗಾದ ಚಿತ್ರ ಹತ್ತೊಂಬತ್ತನೆಯ ಶತಮಾನದ ಕನ್ನಡ ಲಾವಣಿಗಳಲ್ಲಿದೆ. ಕಿತ್ತೂರಿನ ಪತನದ ಅನಂತರ ಕಂಪನಿ ಸರ್ಕಾರದ ವಿರುದ್ಧ ಬಂಡೆದ್ದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯಿದೆಗೆ ಮಣಿಯದೆ ಆಯುಧ ಹಿಡಿದ ಹಲಗಲಿಯ ಬೇಡರೂ ಸರ್ಕಾರದ ಕಣ್ಣಿಗೆ ದಂಡನೆಗೆ ಅರ್ಹರಾದ ದಂಗೆಕೋರರು. ಊರಿನ ಲಾವಣಿಕಾರರಿಗೆ ಇವರೆಲ್ಲರೂ ವೀರರು. ಈ ಲಾವಣಿಗಳನ್ನು ಸಂಗ್ರಹಿಸಿ 1885ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಬ್ರಿಟಿಷ್ ಆಡಳಿತದ ಅಧಿಕಾರಿ. ಕನ್ನಡ ಜಿಲ್ಲೆಗಳ ಶಾಸನಗಳ ಪ್ರಕಟಣೆಯಲ್ಲಿ ಹಿರಿಯ ಹೆಸರೂ ಅವನದೇ. ಅರಸರ ಸಾಹಸವನ್ನು ಹೊಗಳುವ ಪ್ರಶಸ್ತಿಗಳೂ ಅರಸೊತ್ತಿಗೆಯ ವಿರುದ್ಧ ನಿಂತವರನ್ನು ಹೊಗಳುವ ಲಾವಣಿಗಳೂ ಒಬ್ಬನೇ ವಿದ್ವಾಂಸನ ಕೈಯಿಂದ ಅಚ್ಚಿಗೆ ಹೋದವು. ಹಲಗಲಿ ಇರುವುದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನಲ್ಲಿ. ಮುಧೋಳ ರನ್ನನ ಹುಟ್ಟೂರು. ಸಾಹಸಭೀಮನ ಕವಿಯನ್ನು ಹೆತ್ತ ನೆಲ ಎಂಟೂವರೆ ಶತಮಾನಗಳ ಬಳಿಕ ಬಿರುದಿಲ್ಲದ ಸಾಹಸಿಗರನ್ನೂ ಕಂಡಿತು. ಪ್ರಶಸ್ತಿ ಬರೆಯಲು ಅವರಿಗೆ ಆಸ್ಥಾನಕವಿ ಇರಲಿಲ್ಲ. ಡಪ್ಪು ತುಂತುಣಿಗಳ ಸದ್ದಿನಲ್ಲಿ ಜನರೇ ಅವರನ್ನು ಹಾಡಿದರು.

ಪ್ರಭುತ್ವವು ಬಿರುದು ಕೊಟ್ಟಲ್ಲಿ ಶಾಸ್ತ್ರದ ಕಣ್ಣಿಗೆ ಅಪರಾಧ ಕಾಣಬಹುದು. ಪ್ರಭುತ್ವವು ಗಲ್ಲು ಕೊಟ್ಟಲ್ಲಿ ಜನರ ಕಣ್ಣಿಗೆ ಸಾಹಸ ಕಾಣಬಹುದು. ಎರಡೂ ಸಂದರ್ಭಗಳಲ್ಲಿ ಪದದ ತಿರುಳು ಒಂದೇ: ಯಾರ ಅಪ್ಪಣೆಗೂ ಕಾಯದೆ, ಮುಚ್ಚುಮರೆಯಿಲ್ಲದೆ, ತನ್ನ ಬಲವನ್ನು ನೆಚ್ಚಿ, ಫಲಕ್ಕೆ ತಾನೇ ಹೊಣೆಯಾಗಿ ಮುನ್ನುಗ್ಗುವುದು.

7

ಇಂದಿನ ಕನ್ನಡದಲ್ಲಿ ಈ ತಿರುಳು ತೆಳ್ಳಗಾಗಿದೆ. ಹೊಡೆದಾಟದ ದೃಶ್ಯಗಳನ್ನು ಸಂಯೋಜಿಸುವವರು ಚಲನಚಿತ್ರದ ಹೆಸರಿನ ಪಟ್ಟಿಯಲ್ಲಿ 'ಸಾಹಸ ನಿರ್ದೇಶಕ'ರು. ವಿಷ್ಣುವರ್ಧನ್ ನಟಿಸಿದ 1982ರ 'ಸಾಹಸಸಿಂಹ' ಚಿತ್ರದ ಹೆಸರು ಆ ನಟನ ಬಿರುದಾಗಿ ಉಳಿಯಿತು. ಸಾಹಸದ ಬಿರುದು ಅರಮನೆಯಿಂದ ಬೆಳ್ಳಿತೆರೆಗೆ ದಾಟಿದ್ದು ಹೀಗೆ. ಬಂಡೆ ಹತ್ತುವುದು, ಹೊಳೆಯಲ್ಲಿ ದೋಣಿ ಬಿಡುವುದು 'ಸಾಹಸ ಕ್ರೀಡೆ'. ಬೆಂಕಿ ನಂದಿಸಲು ಸಿಬ್ಬಂದಿ 'ಹರಸಾಹಸ' ಪಟ್ಟರೆಂದು ಪತ್ರಿಕೆಗಳು ಬರೆಯುತ್ತವೆ. ಅಲ್ಲಿ ಉಳಿದಿರುವುದು ಬಹಳ ಶ್ರಮ ಎಂಬ ಅರ್ಥ ಮಾತ್ರ. ಕೆಡುಕಿನ ಅಂಶವನ್ನು ಹೇಳಲು 'ದುಸ್ಸಾಹಸ' ಎಂಬ ಬೇರೆ ಪದ ಬೇಕಾಗಿದೆ. ಮೂಲಪದ ಪೂರ್ಣವಾಗಿ ಗುಣವಾಚಿಯಾಯಿತೆಂಬುದಕ್ಕೆ ಈ ಉಪಸರ್ಗವೇ ಪುರಾವೆ. ನೆರೆಯ ಮಲಯಾಳಂನಲ್ಲಿ ಹಾಗಾಗಿಲ್ಲ. ಅಲ್ಲಿ 'ಸಾಹಸಂ' ಎಂದರೆ ಇಂದಿಗೂ ದುಡುಕಿನ, ಅವಿವೇಕದ ಕೃತ್ಯ ಎಂಬ ಅರ್ಥ ಜೀವಂತವಾಗಿದೆ. ಒಂದೇ ಪದ ಘಟ್ಟದ ಆಚೆ ಎಚ್ಚರಿಕೆಯಾಗಿಯೂ ಈಚೆ ಪ್ರಶಂಸೆಯಾಗಿಯೂ ಉಳಿದಿದೆ. ಕನ್ನಡದಲ್ಲಿ ಪ್ರಶಂಸೆಯ ಅರ್ಥ ಹೀಗೆ ಗಟ್ಟಿಗೊಳ್ಳಲು ಬಿರುದು ಪರಂಪರೆಯ ದೀರ್ಘ ಪ್ರಭಾವವೂ ಒಂದು ಕಾರಣವೆಂದು ಭಾವಿಸಲು ಅವಕಾಶವಿದೆ.

ಭಾಷೆ ಬದಲಾಗುವುದು ಸಹಜ, ಅದಕ್ಕಾಗಿ ಮರುಗಬೇಕಾಗಿಲ್ಲ. ಇಂದಿನ ಬಳಕೆಯನ್ನು ತಿದ್ದುವುದು ಯಾರ ಕೆಲಸವೂ ಅಲ್ಲ. ಆದರೆ ಇಂದಿನ ಅರ್ಥವನ್ನು ಹತ್ತನೆಯ ಶತಮಾನಕ್ಕೆ ಹೊರಿಸುವುದು ಅಧ್ಯಯನದ ಲೋಪ. ಇದನ್ನು ಸರಿಪಡಿಸಲು ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸಗಳಿವೆ. ಮೊದಲನೆಯದು ನಿಘಂಟಿಗೆ ಸಂಬಂಧಿಸಿದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು ಪ್ರಯೋಗಗಳನ್ನು ಆಕರಸಮೇತ ಒದಗಿಸಿ ಗಟ್ಟಿಯಾದ ಬುನಾದಿ ಹಾಕಿದೆ. ಅದರ ಮೇಲೆ ಕಟ್ಟಬೇಕಾದದ್ದು ಪ್ರಯೋಗಗಳನ್ನು ಕಾಲದ ಜೊತೆಗೆ ಬರಹದ ಪ್ರಕಾರಕ್ಕೆ ಅನುಗುಣವಾಗಿಯೂ ವಿಂಗಡಿಸುವ ಕೆಲಸ. ಒಂದು ಪದ ಪ್ರಶಸ್ತಿಯಲ್ಲಿ, ಧರ್ಮಶಾಸ್ತ್ರದ ಕನ್ನಡ ಟೀಕೆಯಲ್ಲಿ, ದಾನಶಾಸನದ ದಂಡದ ಉಲ್ಲೇಖದಲ್ಲಿ, ಲಾವಣಿಯಲ್ಲಿ ಹೇಗೆ ನಿಂತಿದೆಯೆಂಬುದನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಮಾತ್ರ ಅದರ ಬಾಳು ಕಾಣುತ್ತದೆ. ಎರಡನೆಯದು ಪಠ್ಯಸಂಪಾದನೆ ಮತ್ತು ಬೋಧನೆಗೆ ಸಂಬಂಧಿಸಿದ್ದು. ಕಠಿಣಪದಗಳ ಪಟ್ಟಿಯಲ್ಲಿ ಪರಿಚಿತ ಪದಗಳಿಗೂ ಸ್ಥಾನ ಬೇಕು. ಸಾಹಸ, ಉದ್ಯಮ, ಧರ್ಮ, ತ್ಯಾಗ ಮೊದಲಾದ ಪದಗಳು ಇಂದಿನ ಮುಖವಾಡದಲ್ಲಿ ಹಳೆಯ ಅರ್ಥಗಳನ್ನು ಮರೆಸುವುದು 'ಅಣ್ಮು'ವಿನಂತಹ ಅಪರಿಚಿತ ಪದಗಳಿಗಿಂತ ಹೆಚ್ಚು. ಅಪರಿಚಿತ ಪದ ಓದುಗನನ್ನು ತಡೆದು ನಿಲ್ಲಿಸುತ್ತದೆ. ಪರಿಚಿತ ಪದ ಕೈಹಿಡಿದು ದಾರಿ ತಪ್ಪಿಸುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ನ್ಯಾಯಶಾಸ್ತ್ರದ 'ಸಾಹಸ' ಪಾರಿಭಾಷಿಕ, ಕಾವ್ಯದ 'ಸಾಹಸ' ಸಾಮಾನ್ಯ ಪದ. ಒಂದರ ಅರ್ಥವನ್ನು ಇನ್ನೊಂದರ ಮೇಲೆ ಹೇರಬಾರದು ಎಂಬುದು ಅದು. ಈ ಆಕ್ಷೇಪದಲ್ಲಿ ಹುರುಳಿದೆ. ಎಲ್ಲ ಪ್ರಯೋಗಗಳಲ್ಲಿಯೂ ದಂಡದ ನೆರಳನ್ನು ಹುಡುಕುವುದು ಅತಿರೇಕವಾದೀತು. ಆದರೆ ಸಾಂಗ್ಲಿ ತಾಮ್ರಪಟದ ಪ್ರಶಸ್ತಿಕಾರನೇ ಎರಡು ಅರ್ಥಗಳನ್ನು ಒಂದೇ ಪದ್ಯದಲ್ಲಿ ಮುಖಾಮುಖಿಯಾಗಿಸಿದ್ದಾನೆ. ಅವನು ಗಮನಿಸಿದ ಸಂಬಂಧವನ್ನು ಇಂದಿನ ಸಂಶೋಧಕನು ಗಮನಿಸದಿರಲು ಕಾರಣವಿಲ್ಲ.

ಹಿಂದಿನವರು ಸಾಹಸಕ್ಕೆ ಪ್ರಥಮ, ಮಧ್ಯಮ, ಉತ್ತಮವೆಂದು ದರ್ಜೆ ಕಟ್ಟಿ ಬೆಲೆ ಗೊತ್ತುಮಾಡಿದ್ದರು. ಅದನ್ನು ತೆತ್ತವರ ಹೆಸರುಗಳು ಕಾವ್ಯದಲ್ಲಿ ಉಳಿಯಲಿಲ್ಲ. ತೆರಬೇಕಾಗಿಲ್ಲದವರ ಹೆಸರುಗಳು ಬಿರುದುಗಳಾಗಿ ಉಳಿದವು. ಶಾಸನದಲ್ಲಾಗಲಿ ಕಾವ್ಯದಲ್ಲಾಗಲಿ 'ಸಾಹಸ' ಎಂಬ ಪದ ಎದುರಾದಾಗ ಅದನ್ನು ಆಡಿದವರು ಯಾರು, ಯಾರ ಪರವಾಗಿ ಆಡಿದರು, ಆ ಸಾಹಸವನ್ನು ಕಣ್ಣೆದುರೇ ಅನುಭವಿಸಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಮುಂದೆ ಹೋಗುವುದು ಒಳ್ಳೆಯದು. ತರಗತಿಯಲ್ಲಿ ಅದಕ್ಕೆ ಹತ್ತು ನಿಮಿಷ ಹೆಚ್ಚು ಬೇಕಾದೀತು. ರನ್ನನ ಕಾವ್ಯದ ಹೆಸರು ಅಷ್ಟು ಕಾಲವನ್ನು ಬೇಡುತ್ತದೆ.